ಹಸಿರು ಚುಕ್ಕಿ ಇದ್ದ ಮಾತ್ರಕ್ಕೆ ವೀಗನ್ ಅಲ್ಲ

ಅಂಗಡಿಯಲ್ಲಿ ಬಿಸ್ಕತ್ತಿನ ಪ್ಯಾಕೆಟ್ ಕೈಗೆ ತೆಗೆದುಕೊಂಡರೆ ನಮ್ಮಲ್ಲಿ ತುಂಬಾ ಜನರ ಕಣ್ಣು ಮೊದಲು ಹುಡುಕುವುದು ಹಸಿರು ಚುಕ್ಕಿಯನ್ನು. ಅದು ಕಂಡರೆ ಸಮಾಧಾನ. ಮಾಂಸ ಇಲ್ಲ, ಮೊಟ್ಟೆ ಇಲ್ಲ, ಅಜ್ಜಿಗೂ ಕೊಡಬಹುದು. 2001ರಿಂದ ಈ ಚುಕ್ಕಿ ನಮ್ಮ ಜೊತೆಗಿದೆ, ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದೆ. ಆದರೆ ಈಗ ಹಲವು ಮನೆಗಳಲ್ಲಿ ಹೊಸ ಪ್ರಶ್ನೆಯೊಂದು ಬಂದಿದೆ. ಮಗಳೋ ಮೊಮ್ಮಗನೋ ವೀಗನ್ ಆಗಿದ್ದಾರೆ. ಹಾಲು, ಮೊಸರು, ತುಪ್ಪ, ಜೇನು ಎಲ್ಲ ಬಿಟ್ಟಿದ್ದಾರೆ. ರಜೆಗೆ ಮನೆಗೆ ಬಂದಾಗ ತಿನ್ನಲು ಏನು ತಂದಿಡುವುದು? ಈ ಪ್ರಶ್ನೆಗೆ ಹಸಿರು ಚುಕ್ಕಿಯೊಂದೇ ಸಾಲದು.

ಕಾರಣ ಕಾನೂನಿನಲ್ಲೇ ಇದೆ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಪ್ರಾಣಿ, ಹಕ್ಕಿ, ಮೀನು, ಕೀಟಗಳ ಯಾವುದೇ ಭಾಗ, ಮೊಟ್ಟೆ, ಅಥವಾ ಪ್ರಾಣಿಮೂಲದ ಯಾವುದೇ ಪದಾರ್ಥ ಸೇರಿದ್ದರೆ ಅದು ಮಾಂಸಾಹಾರ. ಅದಕ್ಕೆ ಕಂದು ಗುರುತು ಹಾಕಬೇಕು. ಮೊದಲು ಕಂದು ಚುಕ್ಕಿ ಇತ್ತು, 2020ರ ನಿಯಮದಲ್ಲಿ ಅದು ಕಂದು ತ್ರಿಕೋನವಾಯಿತು. ಆದರೆ ಇದೇ ನಿಯಮ ಕೆಲವನ್ನು ಹೊರಗಿಟ್ಟಿದೆ: ಹಾಲು, ಹಾಲಿನ ಪದಾರ್ಥಗಳು, ಜೇನು, ಜೇನುಮೇಣ, ಕಾರ್ನೌಬಾ ಮೇಣ, ಶೆಲ್ಲಾಕ್ ಎಂಬ ಅರಗು. ಇವು ಇದ್ದರೂ ಹಸಿರು ಚುಕ್ಕಿ ಹಾಕಬಹುದು. ಇವುಗಳಲ್ಲಿ ಕಾರ್ನೌಬಾ ಬ್ರೆಜಿಲ್‌ನ ಒಂದು ಜಾತಿಯ ತಾಳೆ ಮರದ ಎಲೆಯಿಂದ ಬರುವ ಮೇಣ, ಹಾಗಾಗಿ ವೀಗನ್ನರಿಗೆ ತೊಂದರೆ ಇಲ್ಲ. ಉಳಿದದ್ದನ್ನು ನಾವೇ ಹುಡುಕಬೇಕು.

ಇದನ್ನು ಇನ್ನೊಂದು ಬದಿಯಿಂದಲೂ ನೋಡಬಹುದು. ಹಸಿರು ಚುಕ್ಕಿ ನಮ್ಮ ಹುಡುಕಾಟವನ್ನು ತುಂಬಾ ಚಿಕ್ಕದು ಮಾಡಿಕೊಟ್ಟಿದೆ. ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಕನ್ನಡಿಗರಿಗೆ ಈ ಅನುಕೂಲ ಇಲ್ಲ. ಅಲ್ಲಿನ ಅಂಗಡಿಯಲ್ಲಿ ಜೆಲ್ಲಿ ಮಿಠಾಯಿ ಕೊಂಡರೆ ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡಿದ ಜೆಲಾಟಿನ್ ಇದೆಯಾ ನೋಡಬೇಕು. ಕೆಂಪು ಬಣ್ಣ ಇದ್ದರೆ ಅದು ಕಾರ್ಮೈನ್ ಇರಬಹುದು. ಪಾಪಸ್ಸುಕಳ್ಳಿಯ ಮೇಲೆ ಬೆಳೆಯುವ ಕೊಚಿನೀಲ್ ಎಂಬ ಕೀಟವನ್ನು ಒಣಗಿಸಿ ತೆಗೆಯುವ ಬಣ್ಣ ಅದು. ಬ್ರಿಟನ್ನಿನ ಪ್ಯಾಕೆಟ್‌ಗಳಲ್ಲಿ ಅದು ‘ಇ 120’ ಎಂಬ ಸಂಖ್ಯೆಯಾಗಿಯೂ ಇರುತ್ತದೆ. ಅಮೆರಿಕದಲ್ಲಿ 2011ರಿಂದ ಹೆಸರನ್ನೇ ಬರೆಯಬೇಕು. ನಮ್ಮಲ್ಲಿ ಇಂಥವು ಸೇರಿದರೆ ಕಂದು ಗುರುತು ಕಡ್ಡಾಯ. ಹಾಗಾಗಿ ಹಸಿರು ಪ್ಯಾಕೆಟ್ ಹಿಡಿದವರು ಮುಖ್ಯವಾಗಿ ಹುಡುಕಬೇಕಾದ್ದು ಹಾಲು, ಜೇನು ಮತ್ತು ಮೇಲಿನ ಹೊಳಪು.

ಹಾಲಿನಿಂದಲೇ ಶುರು ಮಾಡೋಣ, ಯಾಕೆಂದರೆ ಇದೇ ದೊಡ್ಡದು. ಹಾಲಿನ ಪುಡಿ, ಬೆಣ್ಣೆ, ತುಪ್ಪ ಅಂತ ಬರೆದಿದ್ದರೆ ಯಾರಿಗಾದರೂ ತಿಳಿಯುತ್ತದೆ. ತೊಡಕಾಗುವುದು ಹಾಲನ್ನು ಬಿಡಿ ಬಿಡಿ ಮಾಡಿ ಮಾರುವುದರಿಂದ. ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರು. ಉಳಿದದ್ದರಲ್ಲಿ ಕೊಬ್ಬು, ಲ್ಯಾಕ್ಟೋಸ್ ಎಂಬ ಸಕ್ಕರೆ, ಪ್ರೋಟೀನ್, ಖನಿಜಗಳು ಇವೆ. ಪ್ರೋಟೀನಿನಲ್ಲಿ ಸುಮಾರು 80 ಭಾಗ ಕೇಸೀನ್. ಹಾಲಿಗೆ ನಿಂಬೆರಸ ಹಿಂಡಿದಾಗ ಒಡೆದು ಗಟ್ಟಿಯಾಗುವುದು ಇದೇ. ಹೀಗೆ ಹುಳಿ ಹಾಕಿ ಬೇರೆ ಮಾಡಿದ ಕೇಸೀನಿಗೆ ಕ್ಷಾರ ಸೇರಿಸಿದರೆ ಅದು ಮತ್ತೆ ನೀರಿನಲ್ಲಿ ಕರಗುವ ಪುಡಿಯಾಗುತ್ತದೆ. ಅದರ ಹೆಸರು ಸೋಡಿಯಂ ಕೇಸಿನೇಟ್.

ಈ ಪುಡಿಯ ಗುಣ ವಿಶೇಷವಾದದ್ದು. ಕೇಸೀನ್ ಅಣುವಿನ ಒಂದು ಭಾಗಕ್ಕೆ ನೀರು ಇಷ್ಟ, ಇನ್ನೊಂದು ಭಾಗಕ್ಕೆ ಎಣ್ಣೆ ಇಷ್ಟ. ಹಾಗಾಗಿ ಅದು ಎಣ್ಣೆಯ ಸಣ್ಣ ಹನಿಗಳ ಸುತ್ತ ಕೂತು, ಅವು ಒಂದಕ್ಕೊಂದು ಸೇರಿ ಮೇಲೆ ತೇಲದಂತೆ ತಡೆಯುತ್ತದೆ. ಕಾಫಿಗೆ ಹಾಕುವ ಕ್ರೀಮರ್ ಪುಡಿ ಬಿಸಿ ನೀರಿನಲ್ಲಿ ಬೆಳ್ಳಗೆ ಬೆರೆಯುವುದು ಇದರಿಂದಲೇ. ಹಲವು ಕ್ರೀಮರ್‌ಗಳ ಡಬ್ಬಿಯ ಮೇಲೆ ‘ನಾನ್ ಡೈರಿ’ ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಹಾಲಿನ ಕೊಬ್ಬಿನ ಬದಲು ಗಿಡದ ಎಣ್ಣೆ ಹಾಕಿದ್ದಾರೆ, ನಿಜ. ಹಿಂದೆ ತಿರುಗಿಸಿ ಓದಿದರೆ ಸೋಡಿಯಂ ಕೇಸಿನೇಟ್ ಇರುತ್ತದೆ, ಪಕ್ಕದಲ್ಲೇ ಹಾಲಿನ ಪ್ರೋಟೀನ್ ಅಂತಲೂ ಬರೆದಿರುತ್ತಾರೆ. ಕೇಕಿನ ಮೇಲೆ ಹಾಕುವ ‘ನಾನ್ ಡೈರಿ’ ಕ್ರೀಮಿನದೂ ಎಷ್ಟೋ ಸಲ ಇದೇ ಕಥೆ. ಮುಂಭಾಗದ ದೊಡ್ಡ ಅಕ್ಷರಗಳನ್ನು ನಂಬುವುದಕ್ಕಿಂತ ಹಿಂಭಾಗದ ಸಣ್ಣ ಅಕ್ಷರಗಳನ್ನು ಓದುವುದು ಒಳ್ಳೆಯದು ಅಂತ ನಾನು ಹೇಳುವುದು ಇದಕ್ಕೇ.

ಇನ್ನು ವ್ಹೇ. ಚೀಸ್ ಮಾಡುವಾಗ ಹತ್ತು ಲೀಟರ್ ಹಾಲಿಗೆ ಸುಮಾರು ಒಂದು ಕಿಲೋ ಚೀಸ್ ಸಿಗುತ್ತದೆ, ಉಳಿದದ್ದೆಲ್ಲ ತಿಳಿನೀರು. ಹಿಂದೆ ಅದನ್ನು ಚೆಲ್ಲುತ್ತಿದ್ದರು, ಹಂದಿಗಳಿಗೆ ಹಾಕುತ್ತಿದ್ದರು. ಈಗ ಒಣಗಿಸಿ ಪುಡಿ ಮಾಡಿ ಆಹಾರ ಕಾರ್ಖಾನೆಗಳಿಗೆ ಮಾರುತ್ತಾರೆ. ಚಿಪ್ಸಿನ ಮಸಾಲೆಯಲ್ಲಿ ವ್ಹೇ ಪುಡಿ, ಲ್ಯಾಕ್ಟೋಸ್ ಕಾಣಿಸುವುದು ಹೀಗೆ. ಲ್ಯಾಕ್ಟೋಸ್ ಮಾಮೂಲಿ ಸಕ್ಕರೆಗಿಂತ ತುಂಬಾ ಕಡಿಮೆ ಸಿಹಿ. ಹಾಗಾಗಿ ಖಾರದ ರುಚಿ ಕೆಡಿಸದೆ ಮಸಾಲೆಯನ್ನು ಹೊತ್ತು ಚಿಪ್ಸಿನ ಮೇಲೆ ಕೂರಿಸುತ್ತದೆ. ಬಿಸ್ಕತ್ತಿನಲ್ಲಿ ಅದಕ್ಕೆ ಬೇರೆ ಕೆಲಸ. ಬಿಸಿಯಲ್ಲಿ ಲ್ಯಾಕ್ಟೋಸ್ ಮತ್ತು ಪ್ರೋಟೀನ್ ಸೇರಿ ಕಂದು ಬಣ್ಣ, ಘಮ ಎರಡನ್ನೂ ಕೊಡುತ್ತವೆ. ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಹಾಲಿನ ಅಂಶ ಚಿಟಿಕೆಯಷ್ಟಿದ್ದರೂ ಬಿಸ್ಕತ್ತಿನ ರುಚಿ ಬದಲಾಗುತ್ತದೆ. ಅದಕ್ಕೇ ಅದನ್ನು ಬಿಡಲು ತಯಾರಕರಿಗೆ ಮನಸ್ಸಾಗುವುದಿಲ್ಲ.

ಈಗ ಎದುರುಗಡೆಯ ಪಟ್ಟಿ. ಹೆಸರು ಕೇಳಿ ಹಾಲು ಅಂದುಕೊಂಡು ಸುಮ್ನೆ ಬಿಟ್ಟುಬಿಡುವಂಥವೂ ಇವೆ. ಕೋಕೋ ಬಟರ್ ಕೋಕೋ ಬೀಜದ ಕೊಬ್ಬು. ಲ್ಯಾಕ್ಟಿಕ್ ಆಸಿಡ್, ಅಂದರೆ ಆಹಾರಕ್ಕೆ ಸೇರಿಸುವ ಪದಾರ್ಥಗಳ ಅಂತರರಾಷ್ಟ್ರೀಯ ಸಂಖ್ಯೆಯಾದ ಐಎನ್ಎಸ್‌ನಲ್ಲಿ 270, ಸಾಮಾನ್ಯವಾಗಿ ಜೋಳದ ಅಥವಾ ಕಬ್ಬಿನ ಸಕ್ಕರೆಯನ್ನು ಬ್ಯಾಕ್ಟೀರಿಯಾಗಳಿಂದ ಹುಳಿಸಿ ಮಾಡಿದ್ದು. ಲೆಸಿಥಿನ್, ಐಎನ್ಎಸ್ 322, ಸೋಯಾದಿಂದಲೂ ಬರುತ್ತದೆ, ಮೊಟ್ಟೆಯಿಂದಲೂ ಬರುತ್ತದೆ. ಮೊಟ್ಟೆಯದಾದರೆ ಹಸಿರು ಚುಕ್ಕಿ ಹಾಕುವಂತಿಲ್ಲ.

ಎಣ್ಣೆ, ನೀರನ್ನು ಬೆರೆಸಿ ಹಿಡಿಯುವ ಎಮಲ್ಸಿಫೈಯರ್ ಐಎನ್ಎಸ್ 471 ಬಗ್ಗೆ ಸ್ವಲ್ಪ ನಿಲ್ಲಬೇಕು. ಬ್ರೆಡ್ಡು, ಐಸ್‌ಕ್ರೀಮು, ಬಿಸ್ಕತ್ತು, ಎಲ್ಲದರಲ್ಲೂ ಇದು ಇದೆ. ಕೊಬ್ಬು, ಎಣ್ಣೆಗಳಲ್ಲಿರುವ ಗ್ಲಿಸರಾಲ್‌ಗೆ ಅವುಗಳದೇ ಆಮ್ಲವಾದ ಫ್ಯಾಟಿ ಆಸಿಡ್ ಒಂದೋ ಎರಡೋ ಅಂಟಿಕೊಂಡ ಅಣು ಇದು. ಆ ಫ್ಯಾಟಿ ಆಸಿಡ್ ತಾಳೆ ಎಣ್ಣೆಯದಾಗಿರಬಹುದು, ದನದ ಕೊಬ್ಬಿನದೂ ಆಗಿರಬಹುದು. ತಾಳೆ ಎಣ್ಣೆಯಿಂದ ಬಂದ ಸ್ಟಿಯರಿಕ್ ಆಸಿಡ್‌ಗೂ ದನದ ಕೊಬ್ಬಿನಿಂದ ಬಂದ ಸ್ಟಿಯರಿಕ್ ಆಸಿಡ್‌ಗೂ ರಚನೆಯಲ್ಲಿ ವ್ಯತ್ಯಾಸವೇ ಇಲ್ಲ. ಅಣುವನ್ನು ನೋಡಿ ಅದರ ಮೂಲ ಹೇಳಲು ಆಗುವುದಿಲ್ಲ. ತಿಂದವರ ನಾಲಿಗೆಗೂ ಗೊತ್ತಾಗದು. ಹಾಗಾಗಿ ಇಲ್ಲಿ ನಮಗೆ ಆಧಾರ ಕಾರ್ಖಾನೆಯ ಖರೀದಿಯ ದಾಖಲೆ ಮತ್ತು ಕಾನೂನು ಮಾತ್ರ. ಹಸಿರು ಚುಕ್ಕಿ ಇದ್ದ ಕಡೆ 471 ಇದ್ದರೆ ಅದು ಮಾಂಸದ ಕೊಬ್ಬಿನದಲ್ಲ ಅಂತ ತಯಾರಕರು ಕಾನೂನಿನ ಮುಂದೆ ಹೇಳಿದ ಹಾಗೆ.

ರುಚಿ ಹೆಚ್ಚಿಸುವ ಐಎನ್ಎಸ್ 631 ಕೂಡ ಹಾಗೆಯೇ. 1913ರಲ್ಲಿ ಜಪಾನಿನ ಶಿಂತಾರೊ ಕೊಡಾಮಾ ಈ ರುಚಿಯ ಮೂಲವನ್ನು ಒಣಗಿಸಿದ ಮೀನಿನಲ್ಲಿ ಕಂಡುಹಿಡಿದರು. ಈಗ ಅದನ್ನು ಹೆಚ್ಚಾಗಿ ಪಿಷ್ಟ, ಸಕ್ಕರೆಗಳನ್ನು ಹುಳಿಸಿ ಮಾಡುತ್ತಾರೆ. ‘ಈ ಸಂಖ್ಯೆ ಇದ್ದರೆ ಹಂದಿ ಕೊಬ್ಬು’ ಅಂತ ವಾಟ್ಸ್ಆ್ಯಪ್‌ನಲ್ಲಿ ಉದ್ದದ ಪಟ್ಟಿಗಳು ಸುತ್ತುತ್ತಿರುತ್ತವೆ ಅಲ್ವಾ, ಅವನ್ನು ನಂಬಬೇಡಿ. ಐಎನ್ಎಸ್ ಸಂಖ್ಯೆ ಹೇಳುವುದು ಪದಾರ್ಥ ಯಾವುದು ಅಂತ. ಎಲ್ಲಿಂದ ಬಂತು ಅಂತ ಅಲ್ಲ.

ಹೊಳಪಿನ ವಿಷಯಕ್ಕೆ ಬರೋಣ. ಬಣ್ಣ ಬಣ್ಣದ ಚಾಕೊಲೇಟ್ ಗೋಲಿ, ಹೊಳೆಯುವ ಮಿಠಾಯಿ, ಚಾಕೊಲೇಟ್ ಸವರಿದ ಬಾದಾಮಿ. ಇವುಗಳ ಪಟ್ಟಿಯಲ್ಲಿ ‘ಗ್ಲೇಜಿಂಗ್ ಏಜೆಂಟ್’ ಅಂತ ಇದ್ದರೆ ಮುಂದಿನ ಸಂಖ್ಯೆ ನೋಡಿ. 901 ಜೇನುಮೇಣ, 903 ಕಾರ್ನೌಬಾ, 904 ಶೆಲ್ಲಾಕ್. ಶೆಲ್ಲಾಕ್ ಅಂದರೆ ನಮ್ಮ ಅರಗು. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಬರುವುದು ಇದರಿಂದಲೇ. ಲೇತ್‌ನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಕರಗಿ ಅಂಟಿಕೊಳ್ಳುತ್ತದೆ.

ಅರಗು ಮರದ ಅಂಟಲ್ಲ, ಕೀಟದ ಸ್ರಾವ. ಅರಗಿನ ಕೀಟದ ಮರಿಗಳು ಮುತ್ತುಗ, ಬೋರೆ, ಕುಸುಂ ಮರಗಳ ಎಳೆ ಕೊಂಬೆಗಳ ಮೇಲೆ ಒತ್ತೊತ್ತಾಗಿ ಕೂತು ರಸ ಹೀರುತ್ತವೆ. ಮೈಯಿಂದ ಒಸರುವ ರಾಳದಲ್ಲೇ ಮುಚ್ಚಿಹೋಗುತ್ತವೆ. ಕೊಂಬೆ ಕಡಿದು, ಆ ಪದರವನ್ನು ಕೆರೆದು, ತೊಳೆದು, ಕರಗಿಸಿ ಸೋಸುತ್ತಾರೆ. ಒಳಗಿದ್ದ ಕೀಟಗಳು ಎಷ್ಟೋ ಸಾಯುತ್ತವೆ. ದೇಶದಲ್ಲಿ ಅತಿ ಹೆಚ್ಚು ಅರಗು ಬರುವುದು ಜಾರ್ಖಂಡಿನಿಂದ, ಅಲ್ಲಿನ ಬುಡಕಟ್ಟು ಜನರಿಗೆ ಇದು ಮುಖ್ಯ ಆದಾಯ. ಅರಗು ನೀರಿನಲ್ಲಿ ಕರಗುವುದಿಲ್ಲ, ತೇವ ಒಳಗೆ ಹೋಗಲು ಬಿಡುವುದಿಲ್ಲ. ಮಿಠಾಯಿಗೂ ಕೆಲವು ಮಾತ್ರೆಗಳಿಗೂ ಅದನ್ನು ಸವರುವುದು ಅದಕ್ಕೇ. ತಾಜಾ ಹಣ್ಣಿಗೂ ಜೇನುಮೇಣ, ಕಾರ್ನೌಬಾ, ಶೆಲ್ಲಾಕ್ ಸವರಲು ನಮ್ಮಲ್ಲಿ ಅನುಮತಿ ಇದೆ. ಮೇಣ ಹಚ್ಚಿದ್ದರೆ ಯಾವ ಮೇಣ ಅಂತ ಲೇಬಲ್‌ನಲ್ಲಿ ಹೇಳಬೇಕು. ಅಂಗಡಿಯಲ್ಲಿ ಬಿಡಿಯಾಗಿ ಕೊಂಡ ಸೇಬಿನ ಮೇಲೆ ಆ ಲೇಬಲ್ ಹುಡುಕುವುದು ಎಲ್ಲಿ? ಇದು ನನಗೆ ಸರಿ ಕಾಣುವುದಿಲ್ಲ.

ವಿಟಮಿನ್ ಸೇರಿಸಿದ ಆಹಾರದಲ್ಲಿ ಇನ್ನೊಂದು ಗಂಟು ಇದೆ. ವಿಟಮಿನ್ ಡಿ3ಯನ್ನು ಹೆಚ್ಚಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತೆಗೆದ ಪದಾರ್ಥಕ್ಕೆ ನೇರಳಾತೀತ ಬೆಳಕು ಬಿಟ್ಟು ಮಾಡುತ್ತಾರೆ. ಕಲ್ಲುಹೂವಿನಿಂದ ತೆಗೆದ ಡಿ3 ಕೂಡ ಸಿಗುತ್ತದೆ. ಡಿ2ವನ್ನು ಯೀಸ್ಟ್‌ನಂಥ ಶಿಲೀಂಧ್ರಗಳಿಂದ ಮಾಡುತ್ತಾರೆ. ಡಬ್ಬಿಯ ಮೇಲೆ ಬರೀ ‘ವಿಟಮಿನ್ ಡಿ’ ಅಂತ ಇದ್ದರೆ ಕೇಳಿಯೇ ತಿಳಿಯಬೇಕು. ವಿಟಮಿನ್ ಬಿ12 ಹಾಗಲ್ಲ, ಅದನ್ನು ಬ್ಯಾಕ್ಟೀರಿಯಾಗಳಿಂದ ಮಾಡುತ್ತಾರೆ. ವೀಗನ್ನರಿಗೆ ಅದು ಬೇಕೇ ಬೇಕು, ಏಕೆಂದರೆ ಗಿಡಗಳಿಂದ ಬರುವ ಊಟದಲ್ಲಿ ಅದು ನಂಬುವಷ್ಟು ಸಿಗುವುದಿಲ್ಲ.

ಸಕ್ಕರೆಯ ಬಗ್ಗೆ ಭಯ ಪಡುವವರಿದ್ದಾರೆ. ಅಮೆರಿಕದಲ್ಲಿ ಕಬ್ಬಿನ ಸಕ್ಕರೆಯನ್ನು ಬೆಳ್ಳಗೆ ಮಾಡಲು ದನದ ಮೂಳೆಯ ಇದ್ದಿಲಿನಲ್ಲಿ ಸೋಸುವ ರಿಫೈನರಿಗಳಿವೆ, ಅದು ನಿಜ. ನಮ್ಮ ಕಾರ್ಖಾನೆಗಳಲ್ಲಿ ಹೆಚ್ಚಾಗಿ ಕಬ್ಬಿನ ಹಾಲನ್ನು ಸುಣ್ಣ ಮತ್ತು ಗಂಧಕದ ಹೊಗೆಯಿಂದ ಶುದ್ಧ ಮಾಡುತ್ತಾರೆ. ಆಲೆಮನೆಯಲ್ಲಿ ಬೆಲ್ಲ ಮಾಡುವಾಗ ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ ಹಾಕುವುದು ಹಳೆಯ ಪದ್ಧತಿ. ಬೆಳ್ಳಿ ವರಖ್‌ನದು ಬೇರೆ ಕಥೆ. ಹಿಂದೆ ಅದನ್ನು ದನದ ಕರುಳಿನ ಹಾಳೆಗಳ ನಡುವೆ ಇಟ್ಟು ಬಡಿಯುತ್ತಿದ್ದರು. 2016ರಲ್ಲಿ ಬಂದ ನಿಯಮ ವರಖ್ ತಯಾರಿಯ ಯಾವ ಹಂತದಲ್ಲೂ ಪ್ರಾಣಿಮೂಲದ ವಸ್ತು ಬಳಸಬಾರದು ಅಂತ ಹೇಳಿತು. ವೀಗನ್ನರಷ್ಟೇ ಅಲ್ಲ, ಜೈನರೂ ಬಹಳ ಕಾಲದಿಂದ ಕಳವಳ ಪಟ್ಟಿದ್ದ ವಿಷಯ ಇದು.

ಪ್ಯಾಕೆಟ್ ಓದಲು ಸಮಯ ಇಲ್ಲದಿದ್ದರೆ ಪದಾರ್ಥಗಳ ಪಟ್ಟಿಯ ಕೆಳಗಿನ ಅಲರ್ಜಿ ಸಾಲನ್ನು ನೋಡಿ. ಹಾಲು ಸೇರಿದ್ದರೆ ಅಲ್ಲಿ ಹೇಳಲೇಬೇಕು. ‘ಹಾಲು ಇದೆ’ ಎಂಬುದಕ್ಕೂ ‘ಹಾಲು ಇರಬಹುದು’ ಎಂಬುದಕ್ಕೂ ದೊಡ್ಡ ಅಂತರವಿದೆ. ಎರಡನೆಯದು ಅದೇ ಯಂತ್ರದಲ್ಲಿ ಹಾಲಿನ ತಿಂಡಿಯೂ ತಯಾರಾಗುತ್ತದೆ, ಅಂಶ ಉಳಿದಿರಬಹುದು ಎಂಬ ಎಚ್ಚರಿಕೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2015ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 94 ಡಾರ್ಕ್ ಚಾಕೊಲೇಟ್‌ಗಳ ಪೈಕಿ ಆರರ ಪಟ್ಟಿಯಲ್ಲಿ ಮಾತ್ರ ಹಾಲು ಇತ್ತು. ಉಳಿದ 88ರಲ್ಲಿ 51ರಲ್ಲಿ ಹಾಲಿನ ಅಂಶ ಸಿಕ್ಕಿತು. ತತ್ವಕ್ಕಾಗಿ ಹಾಲು ಬಿಟ್ಟ ಹಲವರು ಇಷ್ಟು ಬೆರಕೆಯನ್ನು ಒಪ್ಪುತ್ತಾರೆ. ಆದರೆ ಹಾಲಿನ ಅಲರ್ಜಿ ಇರುವ ಮಗುವಿಗೆ ಇದು ಪ್ರಾಣಕ್ಕೇ ಅಪಾಯ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವೀಗನ್ ಅಂತ ಬರೆದಿದೆ ಅನ್ನುವ ಕಾರಣಕ್ಕೆ ಅಲರ್ಜಿ ಇರುವವರಿಗೆ ಕೊಡಬಾರದು, ಎಚ್ಚರಿಕೆಯ ಸಾಲನ್ನೂ ಓದಬೇಕು.

ಬೇಕರಿಯಲ್ಲಿ ಬಿಡಿಯಾಗಿ ಕೊಳ್ಳುವುದಕ್ಕೆ ಲೇಬಲ್ಲೇ ಇಲ್ಲ. ಅಯ್ಯಂಗಾರ್ ಬೇಕರಿಯಲ್ಲಿ ಮೊಟ್ಟೆ ಹಾಕದ ತಿನಿಸು ಸಿಗುತ್ತದೆ, ಆದರೆ ಬೆಣ್ಣೆ, ಹಾಲು ಇರಬಹುದು. ಖಾರಾ ಬನ್ನಿಗೆ ಬೆಣ್ಣೆ ಹಾಕಿದ್ದೀರಾ, ಡಾಲ್ಡಾನಾ ಅಂತ ಕೇಳಿ. ಡಾಲ್ಡಾ ಗಿಡದ ಎಣ್ಣೆಯದು. ಚಕ್ಕುಲಿ, ಕೋಡುಬಳೆಗೂ ಇದೇ ಪ್ರಶ್ನೆ, ಹಿಟ್ಟಿಗೆ ಬೆಣ್ಣೆ ಹಾಕುವವರು ಜಾಸ್ತಿ. ಇನ್ನು ಕಡಲೆಮಿಠಾಯಿ, ಹುರಿಗಡಲೆ, ಅವಲಕ್ಕಿ, ಖರ್ಜೂರ, ಹಪ್ಪಳ, ಇಂಗು ಹಾಕಿದ ಸಾರಿನ ಪುಡಿ ಇವೆಲ್ಲ ಸಾಮಾನ್ಯವಾಗಿ ವೀಗನ್ನೇ. ಇಂಗು ಗಿಡದ ಬೇರಿನ ಹಾಲು ಗಟ್ಟಿಯಾದದ್ದು, ಅದಕ್ಕೆ ಹಿಟ್ಟು, ಗೋಂದು ಬೆರೆಸಿ ಮಾರುತ್ತಾರೆ.

2022ರಲ್ಲಿ ವೀಗನ್ ಆಹಾರಕ್ಕೇ ಬೇರೆ ನಿಯಮ ಬಂತು. ಚೌಕದೊಳಗೆ ಹಸಿರು ‘ವಿ’, ಅದರ ಮೇಲೆ ಚಿಗುರೆಲೆ, ಇದು ಗುರುತು. ಇದು ಇದ್ದರೆ ತಯಾರಿಯ ಹಂತದಲ್ಲಿ ಬಳಸಿ ತೆಗೆಯುವ ಪದಾರ್ಥವೂ ಪ್ರಾಣಿಮೂಲದ್ದಾಗಿರಬಾರದು. ಹಸಿರು ಚುಕ್ಕಿಗಿಂತ ಇದು ಹೆಚ್ಚು ಬಿಗಿ. ಆದರೆ ಗುರುತು ಇಲ್ಲದ ಮಾತ್ರಕ್ಕೆ ವೀಗನ್ ಅಲ್ಲ ಅಂತ ಅಲ್ಲ, ಕಡಲೆಮಿಠಾಯಿಗೆ ಯಾರೂ ಈ ಗುರುತು ಕೇಳಲು ಹೋಗುವುದಿಲ್ಲ.

ಅನುಮಾನ ಉಳಿದರೆ ಪ್ಯಾಕೆಟ್ ಮೇಲಿನ ಗ್ರಾಹಕ ಸೇವೆಯ ವಿಳಾಸಕ್ಕೆ ಬರೆಯಿರಿ. ‘ಇದು ವೀಗನ್ನಾ?’ ಅಂತ ಕೇಳಿದರೆ ‘ಹೌದು, ಶುದ್ಧ ಸಸ್ಯಾಹಾರ’ ಅಂತ ಉತ್ತರ ಬರಬಹುದು. ಅದರ ಬದಲು ಹೊಳಪಿಗೆ ಶೆಲ್ಲಾಕ್ ಬಳಸಿದ್ದೀರಾ, ವಿಟಮಿನ್ ಡಿ ಯಾವುದರಿಂದ, ಫ್ಲೇವರ್ ಪುಡಿಯಲ್ಲಿ ಹಾಲಿನ ಅಂಶ ಇದೆಯಾ ಅಂತ ಬಿಡಿಸಿ ಕೇಳಿ. ಉತ್ತರ ಬಂದ ಮೇಲೂ ಆಗಾಗ ಪಟ್ಟಿ ಓದುತ್ತಿರಿ. ಎಣ್ಣೆಯ ಬೆಲೆ, ಹಾಲಿನ ಪುಡಿಯ ಬೆಲೆ ಏರಿಳಿದ ಹಾಗೆ ಕಾರ್ಖಾನೆಗಳು ಪಾಕ ಬದಲಿಸುತ್ತವೆ. ಆಗ ಬದಲಾಗುವುದು ಹಿಂಭಾಗದ ಸಣ್ಣ ಅಕ್ಷರಗಳು ಮಾತ್ರ, ಮುಂಭಾಗದ ಚಿತ್ರ ಮೊದಲಿನ ಹಾಗೇ ಇರುತ್ತದೆ.