ನೋಟ್ಸ್ ಬರೆಯಲು ಜನ ಸಿಗುತ್ತಾರೆ, ಹಾಸಿಗೆಯಿಂದ ಎಬ್ಬಿಸಲು?

ಕ್ಲಾಸ್ ಇರುವುದು ಒಂಬತ್ತಕ್ಕೆ. ಕೈಕಾಲು ಆಡದ ವಿದ್ಯಾರ್ಥಿಯ ದಿನ ಆರಕ್ಕೇ ಶುರುವಾಗುತ್ತದೆ. ಯಾರಾದರೂ ಬಂದು ಮಗ್ಗುಲು ತಿರುಗಿಸಬೇಕು. ಮೂತ್ರದ ಚೀಲ ಖಾಲಿ ಮಾಡಿ, ಮೈ ತೊಳೆದು, ಬಟ್ಟೆ ಹಾಕಿ, ಎತ್ತಿ ವೀಲ್‌ಚೇರಿನಲ್ಲಿ ಕೂರಿಸಬೇಕು. ಅಮೆರಿಕದಲ್ಲಿ ಈ ವಿದ್ಯಾರ್ಥಿ ಕ್ಲಾಸಿಗೆ ಬಂದು ಕೂತ ಮೇಲೆ ನೋಟ್ಸ್ ಬರೆದುಕೊಡುವವರನ್ನು ಕಾಲೇಜೇ ಹುಡುಕಿಕೊಡುತ್ತದೆ. ಆದರೆ ಬೆಳಿಗ್ಗೆ ಆರಕ್ಕೆ ರೂಮಿಗೆ ಬರುವವರನ್ನು ಕೊಡಬೇಕೆಂಬ ಕಾನೂನು ಅಲ್ಲಿಲ್ಲ.

ಇದರ ಬೇರು ಎರಡನೇ ಮಹಾಯುದ್ಧದ ನಂತರದ ದಿನಗಳಲ್ಲಿದೆ. 1948ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಟಿಮ್ ನ್ಯೂಜೆಂಟ್ ಅಂಗವಿಕಲ ವಿದ್ಯಾರ್ಥಿಗಳಿಗಾಗಿ ಒಂದು ಕಾರ್ಯಕ್ರಮ ಶುರು ಮಾಡಿದರು. ಮೊದಲು ಬಂದವರಲ್ಲಿ ಯುದ್ಧದಲ್ಲಿ ಗಾಯಗೊಂಡ ಸೈನಿಕರೂ ಇದ್ದರು. ರ‍್ಯಾಂಪ್‌ಗಳು ಬಂದವು, ಲಿಫ್ಟ್ ಇರುವ ಬಸ್ಸುಗಳು ಬಂದವು. ದೊಡ್ಡ ಕೆಲಸವೇ. ಆದರೆ ಅಲ್ಲಿ ಸೇರುವವರು ತಮ್ಮ ಕೆಲಸ ತಾವೇ ಮಾಡಿಕೊಳ್ಳಬೇಕಿತ್ತು. ಇನ್ನೊಬ್ಬರ ಕೈ ಬೇಕಾದವರಿಗೆ ಜಾಗ ಸಿಗುವುದು ಕಷ್ಟವಿತ್ತು.

ಆ ಜಾಗ ಮಾಡಿಕೊಂಡವರು ಎಡ್ ರಾಬರ್ಟ್ಸ್. ಹದಿನಾಲ್ಕನೇ ವಯಸ್ಸಿನಲ್ಲಿ ಪೋಲಿಯೊ ಬಂದು ಕುತ್ತಿಗೆಯಿಂದ ಕೆಳಗೆ ಹೆಚ್ಚುಕಮ್ಮಿ ಏನೂ ಆಡುತ್ತಿರಲಿಲ್ಲ. ರಾತ್ರಿ ಉಸಿರಾಟಕ್ಕೆ ಐರನ್ ಲಂಗ್ ಬೇಕಿತ್ತು. ತಲೆಯೊಂದನ್ನು ಬಿಟ್ಟು ಇಡೀ ಮೈಯನ್ನೇ ಒಳಗೆ ಮಲಗಿಸುವ, ಮುನ್ನೂರು ಕಿಲೋಗೂ ಜಾಸ್ತಿ ತೂಗುವ ಯಂತ್ರ ಅದು. 1962ರಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಆ ಯಂತ್ರಕ್ಕೆ ಹಾಸ್ಟೆಲಿನಲ್ಲಿ ಜಾಗವಿರಲಿಲ್ಲ. ಈತ ಮುಂದೆ ಉದ್ಯೋಗ ಮಾಡಲಾರ ಎಂದು, ಅಂಗವಿಕಲರನ್ನು ಉದ್ಯೋಗಕ್ಕೆ ಸಿದ್ಧಗೊಳಿಸುವ ರಾಜ್ಯದ ಪುನರ್ವಸತಿ ಇಲಾಖೆ ಹಣ ಕೊಡಲು ಹಿಂದೇಟು ಹಾಕಿತ್ತು. ಕೊನೆಗೆ ಕ್ಯಾಂಪಸ್ಸಿನ ಕೋವೆಲ್ ಆಸ್ಪತ್ರೆಯಲ್ಲಿ ಒಂದು ರೂಮು ಸಿಕ್ಕಿತು.

ಮರುವರ್ಷ ಜಾನ್ ಹೆಸ್ಲರ್ ಎಂಬ ಇನ್ನೊಬ್ಬ ಅಂಗವಿಕಲ ವಿದ್ಯಾರ್ಥಿ ಬಂದರು. ಆಮೇಲೆ ಇನ್ನಷ್ಟು ಜನ. ಆಸ್ಪತ್ರೆಯ ಆ ಮಹಡಿ ನಿಧಾನಕ್ಕೆ ಹಾಸ್ಟೆಲ್ ಆಗಿಬಿಟ್ಟಿತು. ಅವರು ತಮಗೆ ‘ರೋಲಿಂಗ್ ಕ್ವಾಡ್ಸ್’ (ಗಾಲಿಯ ಮೇಲೆ ಓಡಾಡುವ, ಕೈಕಾಲು ಆಡದವರು) ಎಂದು ಹೆಸರಿಟ್ಟುಕೊಂಡರು. ನನ್ನ ಲೆಕ್ಕದಲ್ಲಿ ಇಲ್ಲಿ ನಡೆದ ಮುಖ್ಯ ಸಂಗತಿ ರ‍್ಯಾಂಪ್ ಅಲ್ಲ, ಸಂಬಂಧ ಬದಲಾದದ್ದು. ಯಾರು ಬರಬೇಕು, ಎಷ್ಟೊತ್ತಿಗೆ ಬರಬೇಕು, ಹೇಗೆ ಎತ್ತಬೇಕು ಎಂದು ಹೇಳುತ್ತಿದ್ದದ್ದು ನರ್ಸ್ ಅಲ್ಲ, ವಿದ್ಯಾರ್ಥಿ. 1970ರಲ್ಲಿ ಇವರೇ ಸೇರಿ ಕೇಂದ್ರ ಸರ್ಕಾರದ ಅನುದಾನದಲ್ಲಿ ಒಂದು ಕಚೇರಿ ಶುರು ಮಾಡಿದರು. ಅಲ್ಲಿ ಸಹಾಯಕರ ಪಟ್ಟಿ ಇರುತ್ತಿತ್ತು, ಕೆಟ್ಟ ವೀಲ್‌ಚೇರ್ ರಿಪೇರಿಯೂ ಆಗುತ್ತಿತ್ತು. ರಾಬರ್ಟ್ಸ್ 1975ರಲ್ಲಿ ಅದೇ ಪುನರ್ವಸತಿ ಇಲಾಖೆಗೆ ನಿರ್ದೇಶಕರಾದರು!

ಬರ್ಕ್‌ಲಿಯಲ್ಲಿ ರೋಲಿಂಗ್ ಕ್ವಾಡ್ಸ್ ಇದ್ದ ಹೊತ್ತಿನಲ್ಲೇ ಆಡಾಲ್ಫ್ ರಾಟ್ಸ್ಕಾ ಎಂಬ ಜರ್ಮನ್ ಯುವಕ ಲಾಸ್ ಏಂಜಲೀಸ್‌ನಲ್ಲಿ ಓದುತ್ತಿದ್ದರು. ಅವರಿಗೂ ಪೋಲಿಯೊ. ಸಹಾಯಕರನ್ನು ತಾವೇ ನೇಮಿಸಿಕೊಂಡು ಬದುಕಿದ ಆ ಅನುಭವವನ್ನು ಸ್ವೀಡನ್ನಿಗೆ ಒಯ್ದರು. ಸಹಾಯಕರನ್ನು ಹಕ್ಕಾಗಿ ಕೊಡುವ ಕಾನೂನು ಸ್ವೀಡನ್ನಿನಲ್ಲಿ 1994ರಲ್ಲಿ ಜಾರಿಗೆ ಬಂತು. ಅಮೆರಿಕದ ದಾರಿ ಬೇರೆಯಾಯಿತು.

ಅಲ್ಲಿ 1973ರ ಪುನರ್ವಸತಿ ಕಾಯ್ದೆಯ 504ನೇ ಸೆಕ್ಷನ್, ಸರ್ಕಾರದ ಹಣ ಪಡೆಯುವ ಸಂಸ್ಥೆಗಳು ಅಂಗವಿಕಲರನ್ನು ಹೊರಗಿಡುವಂತಿಲ್ಲ ಎಂದಿತು. ಆದರೆ ಅದನ್ನು ಜಾರಿಗೆ ತರುವ ನಿಯಮಗಳಿಗೆ ಸಹಿ ಬೀಳಲಿಲ್ಲ. 1977ರ ಏಪ್ರಿಲ್‌ನಲ್ಲಿ ನೂರಕ್ಕೂ ಹೆಚ್ಚು ಜನ ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಟ್ಟಡದೊಳಗೆ ಮೂರು ವಾರಕ್ಕೂ ಜಾಸ್ತಿ ಕೂತರು. ಜೂಡಿ ಹ್ಯೂಮನ್ ಮುಂದಾಳು. ಸಹಿ ಬಿತ್ತು, ಹೋರಾಟ ಗೆದ್ದಿತು. ಆದರೆ ಕಾಲೇಜುಗಳಿಗೆ ಸಂಬಂಧಿಸಿದ ಭಾಗದಲ್ಲಿ ಒಂದು ಸಾಲು ಉಳಿಯಿತು: ಅಟೆಂಡೆಂಟ್‌ಗಳು, ವೈಯಕ್ತಿಕ ಸ್ವರೂಪದ ಸೇವೆಗಳು, ಇವನ್ನು ಕಾಲೇಜು ಒದಗಿಸಬೇಕಿಲ್ಲ. ಗೆದ್ದವರಲ್ಲೇ ಎಷ್ಟೋ ಜನ ಅಟೆಂಡೆಂಟ್ ಇಲ್ಲದೆ ಹಾಸಿಗೆ ಬಿಟ್ಟು ಏಳಲಾಗದವರು. 1990ರ ಅಂಗವಿಕಲರ ಕಾಯ್ದೆ ಬಂದ ಮೇಲೂ ಈ ಗೆರೆ ಅಳಿಯಲಿಲ್ಲ.

ಶಾಲೆಯಲ್ಲಿ ಹೀಗಿಲ್ಲ, ಅದೇ ವಿಚಿತ್ರ. 1975ರ ಶಿಕ್ಷಣ ಕಾಯ್ದೆಯಡಿ, ಹುಡುಗಿಯೊಬ್ಬಳಿಗೆ ಶಾಲೆಯ ವೇಳೆಯಲ್ಲಿ ಕ್ಯಾತಿಟರ್ (ಮೂತ್ರ ತೆಗೆಯುವ ನಳಿಕೆ) ಹಾಕುವುದು ಶಾಲೆಯದೇ ಜವಾಬ್ದಾರಿ ಎಂದು ಸುಪ್ರೀಂ ಕೋರ್ಟ್ 1984ರಲ್ಲಿ ಹೇಳಿತು. ವೆಂಟಿಲೇಟರ್ ಬಳಸುವ ಹುಡುಗನ ಜೊತೆ ದಿನವಿಡೀ ಇರುವ ನರ್ಸನ್ನೂ ಶಾಲೆಯೇ ಕೊಡಬೇಕೆಂದು 1999ರಲ್ಲಿ ಹೇಳಿತು. ಹೈಸ್ಕೂಲ್ ಡಿಪ್ಲೊಮಾ ಕೈಗೆ ಬಂದ ದಿನವೇ ಈ ಹಕ್ಕು ಮುಗಿಯುತ್ತದೆ. ಮೈ ಅದೇ, ಅಗತ್ಯ ಅದೇ!

ಹಾಗಾದರೆ ದುಡ್ಡು ಎಲ್ಲಿಂದ? ಹೆಚ್ಚಾಗಿ ಮೆಡಿಕೇಡ್‌ನಿಂದ, ಅಂದರೆ ಬಡವರಿಗೆ, ಅಂಗವಿಕಲರಿಗೆ ಇರುವ ಸರ್ಕಾರಿ ಆರೋಗ್ಯ ವಿಮೆಯಿಂದ. ಆಸ್ಪತ್ರೆ, ದೀರ್ಘಕಾಲ ಇಟ್ಟು ಆರೈಕೆ ಮಾಡುವ ನರ್ಸಿಂಗ್ ಹೋಮ್ ಬಿಟ್ಟು ಮನೆಯಲ್ಲೇ ಸಹಾಯ ಕೊಡಲು 1981ರಿಂದ ಅದರಲ್ಲಿ ರಾಜ್ಯಗಳಿಗೆ ಅವಕಾಶವಿದೆ. ಕೆಲವರಿಗೆ ಉದ್ಯೋಗ ಪುನರ್ವಸತಿ ಇಲಾಖೆಯೂ ಸ್ವಲ್ಪ ಕೊಡುತ್ತದೆ. ಉಳಿದದ್ದು ಅಪ್ಪ-ಅಮ್ಮನ ಜೇಬು. ಹಣ ಸಿಕ್ಕ ಮೇಲೂ ಜಾಹೀರಾತು ಹಾಕುವುದು, ಸಂದರ್ಶನ ಮಾಡುವುದು, ಗಂಟೆಗಳ ಲೆಕ್ಕ ಇಡುವುದು, ಸರಿಬರದವರನ್ನು ಬಿಡಿಸುವುದು ಎಷ್ಟೋ ಸಲ ವಿದ್ಯಾರ್ಥಿಯದೇ ಕೆಲಸ. ಹದಿನೆಂಟು ವರ್ಷಕ್ಕೇ ಮಾಲೀಕರಾಗಬೇಕು. ನಾಳೆ ಪರೀಕ್ಷೆ, ಇವತ್ತು ರಾತ್ರಿ ಸಹಾಯಕ ‘ಜ್ವರ, ಬರಲ್ಲ’ ಎಂದು ಮೆಸೇಜ್ ಹಾಕಿದರೆ ಇನ್ನೊಬ್ಬರನ್ನು ಹುಡುಕುವುದೂ ಅವರೇ.

ಇಲಿನಾಯ್ ಆಮೇಲೆ ತನ್ನ ದಾರಿ ತಿದ್ದಿಕೊಂಡಿತು. ಸಹಾಯಕರು ಬೇಕಾದ ವಿದ್ಯಾರ್ಥಿಗಳಿಗೆ 1981ರಲ್ಲಿ ಬೆಕ್‌ವಿತ್ ಎಂಬ ವಸತಿ ತೆರೆಯಿತು. 2010ರಲ್ಲಿ ಅದು ಹೊಸ ಹಾಸ್ಟೆಲ್ಲಿಗೆ ಸ್ಥಳಾಂತರವಾಯಿತು. ಆ ಹಾಸ್ಟೆಲ್ಲಿಗೆ ನ್ಯೂಜೆಂಟರದೇ ಹೆಸರು. ಇಂಥ ಕ್ಯಾಂಪಸ್‌ಗಳು ಕಡಿಮೆ. ಬೇರೆ ರಾಜ್ಯದವರು ಅಲ್ಲಿಗೆ ಹೋಗಬೇಕೆಂದರೆ ಇನ್ನೊಂದು ತೊಡಕು: ಮೆಡಿಕೇಡ್‌ನ ಮನೆ-ಸಹಾಯ ಒಂದು ರಾಜ್ಯದಿಂದ ಇನ್ನೊಂದಕ್ಕೆ ತಾನಾಗಿ ವರ್ಗವಾಗುವುದಿಲ್ಲ. ಹೊಸ ರಾಜ್ಯದಲ್ಲಿ ಮತ್ತೆ ಅರ್ಜಿ ಹಾಕಬೇಕು. ಎಷ್ಟೋ ಕಡೆ ಅದಕ್ಕೆ ಕಾಯುವವರ ಪಟ್ಟಿ ಇದೆ, ಕೆಲವೊಮ್ಮೆ ವರ್ಷಗಟ್ಟಲೆ. ಡಿಗ್ರಿಗೆ ಇರುವುದೇ ನಾಲ್ಕು ವರ್ಷ.