ಗಿಫ್ಟ್ ಟ್ಯಾಕ್ಸ್ ಇಲ್ಲದಿದ್ದರೆ ಮೆಡಿಕೇಡ್ ಸುಮ್ಮನಿರುತ್ತಾ?

ಪ್ರಶ್ನೆ: ಅಮೆರಿಕದಲ್ಲಿರುವ ಅಮ್ಮನ ಹಣವನ್ನು ಈಗಲೇ ಮಕ್ಕಳ ಹೆಸರಿಗೆ ಮಾಡಿಸಿ, ಮುಂದೆ ನರ್ಸಿಂಗ್ ಹೋಮ್ (ವಯಸ್ಸಾದವರನ್ನು ಇರಿಸಿಕೊಂಡು ಆರೈಕೆ ಮಾಡುವ ಕೇಂದ್ರ) ಖರ್ಚನ್ನು, ಬಡವರ ಚಿಕಿತ್ಸೆ-ಆರೈಕೆಗೆ ಸರ್ಕಾರ ಕೊಡುವ ನೆರವಾದ ಮೆಡಿಕೇಡ್‌ ಮೇಲೆ ಹಾಕುವುದು ಮೋಸವಲ್ಲವೇ?

ಉತ್ತರ: ಅರ್ಜಿಯಲ್ಲಿ ಎಲ್ಲ ತೋರಿಸಿದರೆ ಮೋಸವಲ್ಲ. ಬಚ್ಚಿಟ್ಟರೆ ಮೋಸ, ಅಪರಾಧವೂ ಹೌದು. ಗಂಡ-ಹೆಂಡತಿ ಒಬ್ಬರಿಂದೊಬ್ಬರಿಗೆ ವರ್ಗಾಯಿಸುವುದು, ಎರಡು ವರ್ಷ ಅದೇ ಮನೆಯಲ್ಲಿದ್ದು ಆರೈಕೆ ಮಾಡಿದ ಮಗಳಿಗೆ ಮನೆ ಬರೆದುಕೊಡುವುದು, ಇವೆಲ್ಲ ಕಾನೂನೇ ಬಿಟ್ಟಿರುವ ದಾರಿ.

ಇದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: "ವರ್ಷಕ್ಕೆ 19,000 ಡಾಲರ್ ಗಿಫ್ಟ್ ಕೊಡಬಹುದಂತಲ್ಲ?" ಎಷ್ಟು ಸಲ ಹೇಳಿದರೂ ಸಾಯದ ಮಾತಿದು! ಆ 19,000 ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ಗಿಫ್ಟ್ ಟ್ಯಾಕ್ಸ್ ಲೆಕ್ಕ. ಮೆಡಿಕೇಡ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಬಹುತೇಕ ರಾಜ್ಯಗಳಲ್ಲಿ ಅರ್ಜಿಯಿಂದ ಹಿಂದಕ್ಕೆ 60 ತಿಂಗಳ ವ್ಯವಹಾರ ನೋಡುತ್ತಾರೆ. ಆ ಅವಧಿಯಲ್ಲಿ ಗಿಫ್ಟ್ ಕೊಟ್ಟಿದ್ದರೆ, ದಂಡವಾಗಿ ಅದಕ್ಕೆ ತಕ್ಕಷ್ಟು ತಿಂಗಳು ಮೆಡಿಕೇಡ್ ಕೊಡುವುದಿಲ್ಲ.

ಅಮ್ಮ 2025 ಮತ್ತು 2026ರಲ್ಲಿ ಇಬ್ಬರು ಮಕ್ಕಳಿಗೆ ತಲಾ 19,000 ಕೊಟ್ಟರು ಅನ್ನಿ. ಒಟ್ಟು 76,000. ರಾಜ್ಯ ಗೊತ್ತುಮಾಡಿದ ನರ್ಸಿಂಗ್ ಹೋಮ್‌ನ ಸರಾಸರಿ ಮಾಸಿಕ ದರ 10,000 ಆಗಿದ್ದರೆ, ಭಾಗಿಸಿ: 7.6 ತಿಂಗಳು ಮೆಡಿಕೇಡ್ ಇಲ್ಲ. ಈ ದಂಡ ಗಿಫ್ಟ್ ಕೊಟ್ಟ ದಿನದಿಂದ ಶುರುವಾಗಿ ತಾನಾಗಿ ಕರಗಿಹೋಗುತ್ತದೆ ಅಂದುಕೊಂಡಿದ್ದರೆ, ಆ ಕಾಲ 2006ಕ್ಕೇ ಮುಗಿಯಿತು. ಈಗ ಅಮ್ಮ ನರ್ಸಿಂಗ್ ಹೋಮ್ ಸೇರಿ, ಕೈಯಲ್ಲಿ ಸುಮಾರು 2,000 ಡಾಲರ್ ಉಳಿದು, ಅರ್ಜಿ ಬೇರೆಲ್ಲ ರೀತಿಯಲ್ಲೂ ಸರಿ ಅನ್ನಿಸಿಕೊಂಡ ಮೇಲೆ ಎಣಿಕೆ ಶುರು. ಅಂದರೆ ಬಿಲ್ ಕಟ್ಟಲು ಅವರ ಬಳಿ ಏನೂ ಇಲ್ಲದಾಗ. ಮಕ್ಕಳು ಪೂರ್ತಿ ಹಣ ಹಿಂತಿರುಗಿಸಿದರೆ ದಂಡ ತಪ್ಪುತ್ತದೆ, ನಿಜ. ಅಷ್ಟರಲ್ಲಿ ಮಗ ಅದನ್ನು ಮನೆಯ ಡೌನ್‌ಪೇಮೆಂಟ್‌ಗೆ ಕಟ್ಟಿಬಿಟ್ಟಿದ್ದರೆ? ನನ್ನ ಪ್ರಕಾರ ನೈತಿಕತೆಯ ಪ್ರಶ್ನೆ ಇರುವುದು ಇಲ್ಲಿ. ಸರ್ಕಾರಕ್ಕೆ ಮೋಸ ಆಯಿತೇ ಅನ್ನುವುದಕ್ಕಿಂತ, ಒಳ್ಳೆಯ ಜಾಗ ಆರಿಸಿಕೊಳ್ಳಲು ಅಮ್ಮನಿಗಿದ್ದ ಹಣ ಯಾರ ಅನುಕೂಲಕ್ಕೆ ಕೈಬಿಟ್ಟಿತು ಅನ್ನುವುದರಲ್ಲಿ. ವಕೀಲರ ಮುಂದೆ ಅಮ್ಮನೂ ಕೂತಿರಬೇಕು, ಮಕ್ಕಳಷ್ಟೇ ಅಲ್ಲ.

ಯಾರೂ ಕೇಳದ ಇನ್ನೊಂದು ವಿಷಯ. ಊರಿಂದ ಕರೆಸಿಕೊಂಡ ತಂದೆ-ತಾಯಿಗೆ ಗ್ರೀನ್ ಕಾರ್ಡ್ ಬಂದ ಮೇಲೂ ಸಾಮಾನ್ಯವಾಗಿ ಐದು ವರ್ಷ ಮೆಡಿಕೇಡ್ ಇಲ್ಲ. ಇದು ಬೇರೆ ಐದು ವರ್ಷ, ಮೇಲಿನ 60 ತಿಂಗಳ ಜೊತೆ ಕಲಸಬೇಡಿ. ಹಾಗೆಯೇ, ಮೈಸೂರಿನ ಸೈಟು ಮಾರಿ ಹಣ ಮಾಡಬಹುದಾದದ್ದಾದರೆ ಅದೂ ಆಸ್ತಿ ಲೆಕ್ಕಕ್ಕೆ ಬರುತ್ತದೆ. ಮಗನಿಗೆ ದಾನಪತ್ರ ಮಾಡಿಸಿದರೆ ಅದೂ ಗಿಫ್ಟೇ. ನೋಂದಣಿಯ ತಾರೀಖು ಬರೆದಿಟ್ಟುಕೊಳ್ಳಿ, ಅರ್ಜಿ ಹಾಕುವಾಗ ಬೇಕಾಗುತ್ತದೆ.