ಬಹುಮತ ಇದ್ದರೂ 60 ಮತ ಯಾಕೆ ಬೇಕು? ಫಿಲಿಬಸ್ಟರ್ ತೆಗೆಯಬೇಕಾ?

ಪ್ರಶ್ನೆ: ಅಮೆರಿಕದ ಸೆನೆಟ್‌ನಲ್ಲಿ ರಿಪಬ್ಲಿಕನ್ನರಿಗೆ ಬಹುಮತ ಇತ್ತು. ಆದರೂ 2025ರಲ್ಲಿ 60 ಮತ ಸಿಗಲಿಲ್ಲ ಅಂತ ಸರ್ಕಾರದ ಕೆಲಸವೇ ನಿಂತಿತು. ಅಧಿಕಾರದಲ್ಲಿರುವ ಪಕ್ಷ ಈ ಫಿಲಿಬಸ್ಟರ್ ಅನ್ನೋದನ್ನೇ ಕಿತ್ತುಹಾಕಬಾರದಾ?

ಉತ್ತರ: ಕಿತ್ತುಹಾಕಬಹುದು. ಹಾಕಬೇಕು ಅನ್ನೋದೇ ನನ್ನ ಅಭಿಪ್ರಾಯ, ಆ ಪಕ್ಷ ಯಾವುದೇ ಆಗಿರಲಿ. ನನಗೆ ಒಪ್ಪಿಗೆಯಾಗದ ಪಕ್ಷಕ್ಕೂ ಅದರಿಂದ ಬಲ ಬರುತ್ತದೆ ಅನ್ನೋದು ಗೊತ್ತಿದ್ದೇ ಈ ಮಾತು ಹೇಳುತ್ತಿದ್ದೇನೆ.

ಮೊದಲು ಇದು ನಡೆಯೋದು ಹೇಗೆ ಅಂತ ನೋಡೋಣ. ಸೆನೆಟ್ ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆ, ಅದರಲ್ಲಿ 100 ಜನ ಇದ್ದಾರೆ. ಮಸೂದೆ ಪಾಸಾಗಲು 51 ಮತ ಸಾಕು. ಆದರೆ ಮತಕ್ಕೆ ಹಾಕುವ ಮೊದಲು ಚರ್ಚೆ ಮುಗಿಯಬೇಕಲ್ವಾ? ‘ಮಾತು ಸಾಕು, ಇನ್ನು ಮತಕ್ಕೆ ಹಾಕೋಣ’ ಅನ್ನುವ ನಿರ್ಣಯಕ್ಕೆ ಅಲ್ಲಿ ಕ್ಲೋಚರ್ ಅನ್ನುತ್ತಾರೆ. ಅದಕ್ಕೆ 60 ಮತ ಬೇಕು. ಅಂದರೆ 41 ಜನ ಒಪ್ಪದಿದ್ದರೆ ಮಸೂದೆ ಅಲ್ಲೇ ನಿಂತುಹೋಗುತ್ತದೆ. ಚರ್ಚೆ ಮುಗಿಯಲು ಬಿಡದೆ ಹೀಗೆ ತಡೆಯೋದಕ್ಕೇ ಫಿಲಿಬಸ್ಟರ್ ಅನ್ನೋದು. ನಮ್ಮ ವಿಧಾನಸೌಧದಲ್ಲಿ ವಿರೋಧ ಪಕ್ಷದವರು ಸದನದ ಬಾವಿಗಿಳಿದು ಧರಣಿ ಕೂತರೂ ಆ ಗದ್ದಲದ ನಡುವೆಯೇ ಧ್ವನಿಮತದಲ್ಲಿ ಮಸೂದೆ ಪಾಸಾಗಿಬಿಡಬಹುದು. ಅಲ್ಲಿ ಹಾಗಲ್ಲ. ಯಾರೂ ಕೂಗಾಡೋದೇ ಬೇಡ, ಸುಮ್ನೆ ಒಪ್ಪಿಗೆ ಕೊಡದಿದ್ದರೆ ಸಾಕು. 1970ರ ದಶಕದಿಂದ ಒಂದು ಮಸೂದೆಯನ್ನು ಬದಿಗಿಟ್ಟು ಇನ್ನೊಂದನ್ನು ನಡೆಸುವ ಪದ್ಧತಿ ಬಂತು. ಅಲ್ಲಿಂದ ತಡೆಯುವವರು ನಿಂತು ಮಾತಾಡುವ ಕಷ್ಟವೂ ತಪ್ಪಿತು.

ಇದು ಸಂವಿಧಾನದಲ್ಲೇ ಇದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲ. ವಿದೇಶಿ ಒಪ್ಪಂದಕ್ಕೆ, ಮಹಾಭಿಯೋಗದಲ್ಲಿ ಶಿಕ್ಷೆ ಕೊಡೋದಕ್ಕೆ, ಅಧ್ಯಕ್ಷರ ವೀಟೋ ಮೀರೋದಕ್ಕೆ ಮೂರನೇ ಎರಡರಷ್ಟು ಮತ ಬೇಕು ಅಂತ ಸಂವಿಧಾನ ಬಿಡಿಸಿ ಹೇಳಿದೆ. ಮಾಮೂಲಿ ಕಾನೂನಿಗೆ ಹಾಗೆ ಹೇಳಿಲ್ಲ. ಫಿಲಿಬಸ್ಟರ್‌ಗೆ ದಾರಿಯಾದದ್ದು 1806ರಲ್ಲಿ. ಚರ್ಚೆ ನಿಲ್ಲಿಸಲು ಬರುತ್ತಿದ್ದ ಒಂದು ನಿಯಮ ಬೇಡವೆಂದು ಸೆನೆಟ್ ಅದನ್ನು ಕೈಬಿಟ್ಟಿತು. ಅದರಿಂದ ಮುಂದೆ ಇಷ್ಟೆಲ್ಲ ಆಗುತ್ತದೆ ಅಂತ ಆಗ ಯಾರೂ ಯೋಚಿಸಿರಲಿಲ್ಲ. ಕ್ಲೋಚರ್ ನಿಯಮ ಬಂದದ್ದು 1917ರಲ್ಲಿ, ಆಗ ಮೂರನೇ ಎರಡರಷ್ಟು ಮತ ಬೇಕಿತ್ತು. 1975ರಲ್ಲಿ ಅದನ್ನು 60ಕ್ಕೆ ಇಳಿಸಿದರು.

ಅಲ್ಪಸಂಖ್ಯೆಯಲ್ಲಿ ಇರುವವರ ದನಿ ಉಳಿಸಲು ಇದು ಬೇಕು ಅನ್ನೋದು ಹಳೆಯ ವಾದ. ಯಾರ ದನಿ ಉಳಿಯಿತು ಅಂತ ನೋಡಬೇಕು. 1957ರಲ್ಲಿ ಸೌತ್ ಕ್ಯಾರೊಲಿನಾದ ಸ್ಟ್ರಾಮ್ ಥರ್ಮಂಡ್ 24 ಗಂಟೆ 18 ನಿಮಿಷ ಒಬ್ಬರೇ ಮಾತಾಡಿದರು. ಕಪ್ಪು ಜನರ ಮತದಾನದ ಹಕ್ಕಿಗೆ ರಕ್ಷಣೆ ಕೊಡುವ ಮಸೂದೆಯನ್ನು ತಡೆಯೋದು ಅವರ ಉದ್ದೇಶ. ಒಂದೊಂದು ರಾಜ್ಯದ ಚುನಾವಣಾ ಕಾನೂನನ್ನೂ ಓದುತ್ತಾ ಹೊತ್ತು ಕಳೆದರು. ಅವರು ಮಾತು ಮುಗಿಸಿದ ಮೇಲೆ ಆ ಮಸೂದೆಯೇನೋ ಪಾಸಾಯಿತು, ಆದರೆ ಅಷ್ಟರಲ್ಲಿ ಅದನ್ನು ಸಾಕಷ್ಟು ಸಪ್ಪೆ ಮಾಡಿಯಾಗಿತ್ತು.

1964ರ ನಾಗರಿಕ ಹಕ್ಕುಗಳ ಮಸೂದೆಯ ಕಥೆ ಇನ್ನೂ ದೊಡ್ಡದು. ದಕ್ಷಿಣದ ಸೆನೆಟರುಗಳು ವಾರಗಟ್ಟಲೆ ಅದನ್ನು ಹಿಡಿದಿಟ್ಟರು. ಜೂನ್ 10ರಂದು ಕ್ಲೋಚರ್‌ಗೆ ಮತ ಹಾಕುವ ದಿನ ಬಂತು. ಬೇಕಾಗಿದ್ದದ್ದು 67. ಕ್ಯಾಲಿಫೋರ್ನಿಯಾದ ಕ್ಲೇರ್ ಎಂಗಲ್ ಅವರ ಮೆದುಳಿನಲ್ಲಿ ಗಡ್ಡೆಯಾಗಿ ಮಾತೇ ನಿಂತುಹೋಗಿತ್ತು. ಅವರನ್ನು ಗಾಲಿಕುರ್ಚಿಯಲ್ಲಿ ಸದನಕ್ಕೆ ಕರೆತಂದರು. ಹೆಸರು ಕೂಗಿದಾಗ ಬಾಯಿ ತೆರೆಯಲು ನೋಡಿದರು, ದನಿ ಹೊರಡಲಿಲ್ಲ. ಆಗ ನಿಧಾನವಾಗಿ ಕೈ ಎತ್ತಿ ತಮ್ಮ ಕಣ್ಣನ್ನು ತೋರಿಸಿದರು. ಇಂಗ್ಲಿಷಿನಲ್ಲಿ ಸದನದಲ್ಲಿ ‘ಹೌದು’ ಅನ್ನೋದಕ್ಕೂ ಕಣ್ಣಿಗೂ ಒಂದೇ ಉಚ್ಚಾರ, ‘ಐ’. ಅದನ್ನು ‘ಹೌದು’ ಅಂತಲೇ ಬರೆದುಕೊಂಡರು. 71 ಮತ ಬಂತು, 29 ಜನ ವಿರೋಧಿಸಿದರು. ಮುಂದಿನ ತಿಂಗಳ ಕೊನೆಯಲ್ಲಿ ಎಂಗಲ್ ತೀರಿಕೊಂಡರು. ಸಾಯುತ್ತಿರುವ ಮನುಷ್ಯನನ್ನು ಹಾಸಿಗೆಯಿಂದ ಎಬ್ಬಿಸಿ ತರಬೇಕಾದ ಸ್ಥಿತಿ ಬಂದದ್ದು ಈ ನಿಯಮದಿಂದ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಗುಂಪು ಸೇರಿ ಕಪ್ಪು ಜನರನ್ನು ಹೊಡೆದು ನೇಣಿಗೆ ಹಾಕುತ್ತಿದ್ದ ಲಿಂಚಿಂಗ್ ವಿರುದ್ಧದ ಮಸೂದೆ 1922ರಲ್ಲೇ ಕೆಳಮನೆಯಲ್ಲಿ ಪಾಸಾಗಿತ್ತು. ಸೆನೆಟ್‌ನಲ್ಲಿ ಫಿಲಿಬಸ್ಟರ್ ಅದನ್ನು ಮುಗಿಸಿತು. ಅಂಥ ಕಾನೂನು ಕೊನೆಗೆ ಬಂದದ್ದು 2022ರಲ್ಲಿ, ಕೊಲೆಯಾದ 14 ವರ್ಷದ ಹುಡುಗ ಎಮೆಟ್ ಟಿಲ್‌ನ ಹೆಸರಿನಲ್ಲಿ.

ಇನ್ನೊಂದು ವಿಷಯ. ವಯೋಮಿಂಗ್ ರಾಜ್ಯದ ಜನಸಂಖ್ಯೆ 6 ಲಕ್ಷಕ್ಕೂ ಕಡಿಮೆ, ಹೆಚ್ಚುಕಡಿಮೆ ನಮ್ಮ ಕೊಡಗು ಜಿಲ್ಲೆಯಷ್ಟು. ಕ್ಯಾಲಿಫೋರ್ನಿಯಾದ್ದು ಸುಮಾರು 3.9 ಕೋಟಿ. ಇಬ್ಬರಿಗೂ ಇಬ್ಬಿಬ್ಬರೇ ಸೆನೆಟರುಗಳು. ಸಣ್ಣ ರಾಜ್ಯಗಳಿಗೆ ಬಲ ಕೊಡುವ ಏರ್ಪಾಡು ಹೀಗೆ ಸಂವಿಧಾನದಲ್ಲೇ ಇದೆ. ಅದರ ಮೇಲೆ 60ರ ಬೇಲಿ ಬೇರೆ ಯಾಕೆ?

ಹಾಗಾದರೆ ಉಳಿಸಿಕೊಳ್ಳಬೇಕು ಅನ್ನುವವರ ಮಾತಿನಲ್ಲಿ ಹುರುಳಿಲ್ಲವಾ? ಇದೆ. ಇವತ್ತು ಇವರು ಮಾಡಿದ ಕಾನೂನನ್ನು ನಾಳೆ ಅವರು ಅಳಿಸುತ್ತಾರೆ, ನಾಡಿದ್ದು ಇವರು ಮತ್ತೆ ತರುತ್ತಾರೆ, ಜನ ಯಾವುದನ್ನು ನಂಬಿ ಬದುಕು ಕಟ್ಟಿಕೊಳ್ಳಬೇಕು ಅನ್ನೋದು ನಿಜವಾದ ಭಯ. ಆದರೆ ದೊಡ್ಡ ಹಣಕಾಸಿನ ವಿಷಯಗಳಿಗೆ ರಿಕನ್ಸಿಲಿಯೇಷನ್ ಅನ್ನೋ ಬೇರೆ ದಾರಿ ಇದೆ, ಅಲ್ಲಿ ಈಗಲೇ 51 ಮತ ಸಾಕು. 2017ರಲ್ಲಿ ರಿಪಬ್ಲಿಕನ್ನರು ಅದೇ ದಾರಿಯಲ್ಲಿ ಒಬಾಮಾ ಆರೋಗ್ಯ ಕಾನೂನನ್ನು ಕೆಡವಲು ಹೋದರು. ಅವರದ್ದೇ ಪಕ್ಷದ ಜಾನ್ ಮೆಕೇನ್ ನಡುರಾತ್ರಿ ಬಂದು ಹೆಬ್ಬೆರಳು ಕೆಳಗೆ ಮಾಡಿದರು. 49–51ರಲ್ಲಿ ಮಸೂದೆ ಬಿತ್ತು. ಜನರ ಕೈಗೆ ಸಿಕ್ಕಿರುವುದನ್ನು ಕಿತ್ತುಕೊಳ್ಳೋದು 51 ಮತಕ್ಕೂ ಸುಲಭವಲ್ಲ. ಪ್ರತಿ ಸಲ ಹೀಗೇ ಆಗುತ್ತದೆ ಅಂತ ಹೇಳಲಾರೆ. 2025ರ ಜುಲೈನಲ್ಲಿ ಬಡವರ ಆರೋಗ್ಯ ಯೋಜನೆಯಾದ ಮೆಡಿಕೇಡ್‌ಗೆ ಕತ್ತರಿ ಹಾಕುವ ಮಸೂದೆ ಉಪಾಧ್ಯಕ್ಷರ ಮತವೂ ಸೇರಿ 51–50ರಲ್ಲಿ ಪಾಸಾಯಿತು. ಆದರೆ ಅದನ್ನು ಮಾಡಿದವರು ಯಾರು ಅಂತ ಮತದಾರರಿಗೆ ಗೊತ್ತಿದೆ. ಫಿಲಿಬಸ್ಟರ್‌ನಲ್ಲಿ ಸತ್ತ ಮಸೂದೆಗೆ ಯಾರನ್ನು ಕೇಳೋದು? 2013ರಲ್ಲಿ, ಶಾಲೆಯಲ್ಲಿ ಪುಟ್ಟ ಮಕ್ಕಳು ಗುಂಡೇಟಿಗೆ ಬಲಿಯಾದ ಕೆಲವೇ ತಿಂಗಳ ಮೇಲೆ, ಬಂದೂಕು ಕೊಳ್ಳುವವರ ಹಿನ್ನೆಲೆ ತಪಾಸಣೆ ಹೆಚ್ಚಿಸುವ ಪ್ರಸ್ತಾವಕ್ಕೆ 54 ಮತ ಬಿತ್ತು. ಸೋತದ್ದು ಆ 54.

ತೆಗೆಯುವ ವಿಧಾನ ಕಷ್ಟದ್ದಲ್ಲ. ಬಹುಮತದ ನಾಯಕರು ‘51 ಮತ ಸಾಕು’ ಅಂತ ಕ್ರಿಯಾಲೋಪ, ಅಂದರೆ ನಿಯಮದ ಬಗ್ಗೆ ಆಕ್ಷೇಪ, ಎತ್ತುತ್ತಾರೆ. ಪೀಠ ‘ಇಲ್ಲ, ನಿಯಮದಲ್ಲಿ 60 ಇದೆ’ ಅನ್ನುತ್ತದೆ. ಆ ತೀರ್ಪನ್ನು ಸದನ ಬರೀ ಬಹುಮತದಿಂದ ತಳ್ಳಿಹಾಕುತ್ತದೆ. ಅಲ್ಲಿಗೆ ಹೊಸ ಪದ್ಧತಿ ಶುರು. ಇದಕ್ಕೇ ‘ನ್ಯೂಕ್ಲಿಯರ್ ಆಪ್ಷನ್’ ಅನ್ನೋದು. 2013ರಲ್ಲಿ ಡೆಮಾಕ್ರಟಿಕ್ ಪಕ್ಷದ ಹ್ಯಾರಿ ರೀಡ್ ಸುಪ್ರೀಂ ಕೋರ್ಟ್ ಬಿಟ್ಟು ಉಳಿದ ನೇಮಕಗಳಿಗೆ ಹೀಗೆ ಮಾಡಿದರು. 2017ರಲ್ಲಿ ರಿಪಬ್ಲಿಕನ್ ಪಕ್ಷದ ಮಿಚ್ ಮೆಕಾನಲ್ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಿಗೂ ವಿಸ್ತರಿಸಿದರು. ಉಳಿದಿರೋದು ಕಾನೂನುಗಳ ಫಿಲಿಬಸ್ಟರ್.

ಇಲ್ಲಿ ಎರಡೂ ಪಕ್ಷಗಳು ಜಾಗ ಬದಲಿಸಿದಂತೆ ಮಾತನ್ನೂ ಬದಲಿಸಿವೆ. 2017ರಲ್ಲಿ ಇದನ್ನು ಉಳಿಸಿ ಅಂತ 61 ಸೆನೆಟರುಗಳು ಪತ್ರ ಬರೆದರು, ಸಹಿ ಹಾಕಿದವರಲ್ಲಿ ಕಮಲಾ ಹ್ಯಾರಿಸ್ ಕೂಡ ಇದ್ದರು. 2024ರಲ್ಲಿ ಗರ್ಭಪಾತದ ಹಕ್ಕಿಗಾಗಿ ಇದನ್ನು ತೆಗೆಯಬೇಕು ಅಂದವರೂ ಅವರೇ. ಹಾಗಾಗಿ ಒಂದು ಮಸೂದೆಗೆ ಮಾತ್ರ ವಿನಾಯಿತಿ ಕೇಳೋದು ನನಗೆ ಸರಿಕಾಣದು. ತೆಗೆಯೋದಾದರೆ ಚುನಾವಣೆಗೆ ಮುಂಚೆಯೇ ಜನರಿಗೆ ಹೇಳಿ ಪೂರ್ತಿ ತೆಗೆಯಲಿ.

ಕೊನೆಯದಾಗಿ, ನೀವು ಕೇಳಿದ 2025ರ ಮಾತು. ಸರ್ಕಾರದ ಖರ್ಚಿಗೆ ಹಣ ಕೊಡುವ ಮಸೂದೆಗೆ 60 ಮತ ಸಿಗದೆ ಅಕ್ಟೋಬರ್ 1ರಿಂದ 43 ದಿನ ಸರ್ಕಾರ ಮುಚ್ಚಿತ್ತು. ನೌಕರರಿಗೆ ಸಂಬಳ ಇಲ್ಲ. ಎಚ್-1ಬಿ ಕೆಲಸದ ವೀಸಾ ಅರ್ಜಿಗೆ ಮೊದಲು ಕಾರ್ಮಿಕ ಇಲಾಖೆಯಿಂದ ಪಡೆಯಬೇಕಾದ ಎಲ್‌ಸಿಎ ಅನ್ನುವ ಮಂಜೂರಾತಿ ಅಕ್ಟೋಬರ್‌ನಲ್ಲಿ ನಿಂತುಹೋಗಿತ್ತು. ಕೆಲಸ ಬದಲಿಸಲು ಕಾದಿದ್ದ ನಮ್ಮವರಿಗೂ ಅದರ ಬಿಸಿ ತಟ್ಟಿತು. ಫಿಲಿಬಸ್ಟರ್ ತೆಗೆದುಬಿಡಿ ಅಂತ ಟ್ರಂಪ್ ತಮ್ಮ ಪಕ್ಷಕ್ಕೆ ಬಹಿರಂಗವಾಗಿಯೇ ಹೇಳಿದರು. ಸೆನೆಟ್ ನಾಯಕ ಜಾನ್ ಥೂನ್ ಒಪ್ಪಲಿಲ್ಲ, ಅದಕ್ಕೆ ಬೇಕಾದಷ್ಟು ಮತ ನಮ್ಮಲ್ಲೇ ಇಲ್ಲ ಅಂದರು. ಆಗ ಅವರ ಪಕ್ಷಕ್ಕಿದ್ದ ಸ್ಥಾನ 53. ಸಮಬಲವಾದರೆ ಉಪಾಧ್ಯಕ್ಷರ ಮತ ಇದ್ದೇ ಇದೆ. ಅಂದರೆ ಸ್ವಪಕ್ಷದ ನಾಲ್ಕೇ ಜನ ‘ಬೇಡ’ ಅಂದರೂ ಆ 60 ಅಲ್ಲೇ ಉಳಿಯುತ್ತದೆ.